ಆರ್ಸೆನಲ್ ಬಿಟ್ಟು ಡಲ್ವಿಚ್‌ಗೆ ಯಾಕೆ ಹೋದೆವು ಅಂದರೆ

ಪುಟ್ಟಾ, "ದೊಡ್ಡಪ್ಪನ್ನ ಲಂಡನ್‌ಗೆ ಕರೆಸಿಕೊಂಡು ಆರ್ಸೆನಲ್ ಬಿಟ್ಟು ಯಾವುದೋ ಗಲ್ಲಿ ಟೀಮಿನ ಮ್ಯಾಚ್ ತೋರಿಸಿದೆಯಾ" ಅಂತ ಕೇಳಿದ್ದೀಯ. ಚಿಕ್ಕಪ್ಪ ಬೇರೆ ಅದರ ಕೆಳಗೆ ನಗುವ ಎಮೋಜಿ ಹಾಕಿದ್ದಾರೆ. ಸ್ವಲ್ಪ ಉದ್ದ ಆಗುತ್ತದೆ, ಏನಾದರೂ ಕೆಲಸ ಮಾಡಿಕೊಳ್ಳುತ್ತಾ ಕೇಳಿ.

ಆರ್ಸೆನಲ್ ಇಲ್ಲಿನ ದೊಡ್ಡ ಫುಟ್‌ಬಾಲ್ ಕ್ಲಬ್ಬು, ಅದರ ಟಿಕೆಟ್ ಬೇಕು ಅಂದರೆ ಮೊದಲು ಮೆಂಬರ್ ಆಗಬೇಕು, ಆಮೇಲೆ ಲಾಟರಿಯಲ್ಲಿ ಹೆಸರು ಬರಬೇಕು. ಬಂದರೂ ಮೇಲೆಲ್ಲೋ ಸೀಟು, ಅಪ್ಪನ ಕನ್ನಡಕಕ್ಕೆ ಚೆಂಡು ಕಾಣಿಸುವುದೇ ಅನುಮಾನ. ಟಿಕೆಟ್ಟಿನ ಮಾತು ಇಷ್ಟು ಸಾಕು.

ಮತ್ತೆ, ಗಲ್ಲಿ ಟೀಮು ಅನ್ನಬೇಡ ಮಾರಾಯ. ನಾವು ನೋಡಿದ್ದು ದಕ್ಷಿಣ ಲಂಡನ್ನಿನ ಡಲ್ವಿಚ್ ಹ್ಯಾಮ್ಲೆಟ್ ಕ್ಲಬ್ಬನ್ನು, ಅದು ಶುರುವಾಗಿದ್ದು 1893ರಲ್ಲಿ. ಮೇಲಿನ ನಾಲ್ಕು ಡಿವಿಷನ್‌ಗಳ 92 ಕ್ಲಬ್ ಬಿಟ್ಟರೆ ಉಳಿದ ಎಲ್ಲರನ್ನೂ ಇಲ್ಲಿ ನಾನ್-ಲೀಗ್ ಅನ್ನುತ್ತಾರೆ. ಇವರು ಈಗ ಮೇಲಿನಿಂದ ಏಳನೇ ಡಿವಿಷನ್‌ನಲ್ಲಿ ಇದ್ದಾರೆ. ಆಡುವವರಲ್ಲಿ ತುಂಬಾ ಜನಕ್ಕೆ ಬೇರೆ ಕೆಲಸ ಇರುತ್ತದೆ, ಸಂಜೆ ಹೊತ್ತು ಪ್ರಾಕ್ಟೀಸು. ಇದನ್ನು ಹೇಳಿದ ತಕ್ಷಣ ಅಪ್ಪ "ಓ, ನಮ್ಮ ಐಟಿಐ, ಎಚ್‌ಎಎಲ್ ಫ್ಯಾಕ್ಟರಿ ಟೀಮಿನ ಹಾಗೆ" ಅಂದರು. ಅಲ್ಲಿಗೆ ಅವರಿಗೆ ಎಲ್ಲಾ ಅರ್ಥವಾಯಿತು, ನಾನು ವಿವರಿಸುವುದೇ ಬೇಕಾಗಲಿಲ್ಲ.

ಸೂಪರ್‌ಮಾರ್ಕೆಟ್ ಪಕ್ಕದಲ್ಲೇ ಗ್ರೌಂಡು, ಹೆಸರು ಚಾಂಪಿಯನ್ ಹಿಲ್. ಗುಲಾಬಿ ಮತ್ತು ಕಡುನೀಲಿ ಜೆರ್ಸಿ. "ಇದೇನೋ ಮದುವೆ ಮನೆ ಬಣ್ಣ" ಅಂದರು ಅಪ್ಪ. ನಾಯಿ ಕರೆದುಕೊಂಡು ಬಂದವರು, ಮಗು ಎತ್ತಿಕೊಂಡವರು, ಕೈಯಲ್ಲಿ ಬಿಯರ್ ಹಿಡಿದು ನಿಂತವರು. ಮೇಲಿನ ಐದು ಡಿವಿಷನ್‌ಗಳಲ್ಲಿ ಗ್ರೌಂಡು ಕಾಣುವ ಜಾಗದಲ್ಲಿ ಕುಡಿಯಬಾರದು ಅಂತ 1985ರಿಂದ ಕಾನೂನೇ ಇದೆ, ಇಲ್ಲಿಗೆ ಅದು ಬರುವುದಿಲ್ಲ. ಅಪ್ಪ ಟೀ ಕುಡಿದರು, ಸಕ್ಕರೆ ಸಾಲದು ಅಂದರು.

ಸೀಟಿನಲ್ಲಿ ಐದು ನಿಮಿಷವೂ ಕೂರಲಿಲ್ಲ ನೋಡಿ. ಸೀದಾ ಕಂಬಿ ಹತ್ತಿರ ಹೋಗಿ ನಿಂತರು. ಅಲ್ಲಿಂದ ಆಟಗಾರರು ಒಬ್ಬರಿಗೊಬ್ಬರು ಬೈದುಕೊಳ್ಳುವುದು, ಕಾಲಿಗೆ ಕಾಲು ತಾಗಿದ ಸದ್ದು, ಎಲ್ಲಾ ಕೇಳಿಸುತ್ತದೆ. "ಸೆಂಟರ್ ಹಾಕೋ, ಸೆಂಟರ್ ಹಾಕು! ಏನ್ ನೋಡ್ತಾ ನಿಂತಿದೀಯ!" ಅಂತ ಅಪ್ಪಟ ಕನ್ನಡದಲ್ಲಿ ಕೂಗಿದರು. ಪಕ್ಕದಲ್ಲಿದ್ದ ಮುದುಕರೊಬ್ಬರು ಏನೂ ಅರ್ಥವಾಗದೆಯೇ ತಲೆಯಾಡಿಸಿ, ಅದೇ ಹುಡುಗನಿಗೆ ಇಂಗ್ಲಿಷಿನಲ್ಲಿ ಬೈದರು. ಹಾಫ್ ಟೈಮ್ ಆದಾಗ ಜನವೆಲ್ಲ ಎದ್ದು ಆ ಕಡೆಯ ಗೋಲಿನ ಹಿಂದೆ ಹೊರಟರು. ತಮ್ಮ ಟೀಮು ಯಾವ ಕಡೆ ಗೋಲು ಹೊಡೆಯಬೇಕೋ ಅಲ್ಲೇ ಹೋಗಿ ನಿಲ್ಲುವ ಪದ್ಧತಿ. ಅಪ್ಪ ನನಗೂ ಹೇಳದೆ ಅವರ ಜೊತೆ ಹೋಗಿಬಿಟ್ಟಿದ್ದರು, ಹುಡುಕಬೇಕಾಯಿತು! ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಲೈನ್ಸ್‌ಮನ್‌ಗೆ ಬೈಯುತ್ತಿದ್ದ ಮನುಷ್ಯ ಇವರೇ. ಆರ್ಸೆನಲ್‌ಗೆ ಹೋಗಿದ್ದರೆ ಸುಮ್ನೆ ಕೂತು ಫೋಟೋ ತೆಗೆಸಿಕೊಂಡು ಬರುತ್ತಿದ್ದರು, ಅಷ್ಟೇ ಅಲ್ವಾ?

ಆಟ ಹೇಗಿತ್ತು ಅಂದರೆ, ಚೆನ್ನಾಗಿರಲಿಲ್ಲ. ಗಾಳಿ ಜಾಸ್ತಿ, ಚೆಂಡು ಬರೀ ಆಕಾಶದಲ್ಲೇ. ಕೊನೆಯಲ್ಲಿ ಎದುರಿನವರು ಒಂದು ಕಾರ್ನರಿನಿಂದ ಹೊಡೆದು ಗೆದ್ದರು.

ಚಿಕ್ಕಪ್ಪ, ಇದು ನಿಮಗೆ. 1948ರ ಒಲಿಂಪಿಕ್ಸ್‌ನ ಒಂದು ಮ್ಯಾಚು ಇದೇ ಚಾಂಪಿಯನ್ ಹಿಲ್‌ನಲ್ಲಿ ನಡೆದಿತ್ತು, ಕೊರಿಯಾ ಮೆಕ್ಸಿಕೋವನ್ನು 5-3ರಲ್ಲಿ ಸೋಲಿಸಿತ್ತು. ಈಗಿನ ಸ್ಟ್ಯಾಂಡ್ ಆಮೇಲೆ ಕಟ್ಟಿದ್ದು. ಈ ಮಾತು ಬಂದಿದ್ದೇ ತಡ, ಅಪ್ಪನಿಗೆ ತಾತ ಹೇಳುತ್ತಿದ್ದ ಬರಿಗಾಲಿನ ಕಥೆ ನೆನಪಾಯಿತು. ಅದೇ ಒಲಿಂಪಿಕ್ಸ್‌ನಲ್ಲಿ ನಮ್ಮವರು ಫ್ರಾನ್ಸ್ ಜೊತೆ ಆಡಿದ್ದು ಲಂಡನ್ನಿನ ಪೂರ್ವಕ್ಕಿರುವ ಇಲ್ಫರ್ಡ್‌ನಲ್ಲಿ. ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. ಎರಡು ಪೆನಾಲ್ಟಿ ಹಾಳು ಮಾಡಿಕೊಂಡು 2-1ರಲ್ಲಿ ಸೋತರು. ಆ ಒಂದು ಗೋಲು ಹೊಡೆದವರು ಆಗಿನ ಮೈಸೂರು ರಾಜ್ಯದ ರಾಮನ್, ಟೀಮಿನಲ್ಲಿ ನಮ್ಮ ಬೆಂಗಳೂರಿನ ಅಹಮದ್ ಖಾನ್ ಕೂಡ ಇದ್ದರು. ಟ್ರೇನ್ ಇಳಿಯುವವರೆಗೂ ಆ ಪೆನಾಲ್ಟಿಗಳದ್ದೇ ಗೊಣಗಾಟ, ತಾನೇ ಅಲ್ಲಿದ್ದವರ ಹಾಗೆ.

ಈಗ ಇಲ್ಫರ್ಡ್‌ಗೆ ಹೋಗಲೇಬೇಕಂತೆ. ಅಲ್ಲಿನ ಕ್ಲಬ್ಬು ಡಲ್ವಿಚ್‌ಗಿಂತಲೂ ಚಿಕ್ಕದು. ಮುಂದಿನ ಶನಿವಾರ ಅವರದ್ದು ಹೋಮ್ ಮ್ಯಾಚ್ ಇದೆಯಾ ನೋಡಬೇಕು. ಚಿಕ್ಕಪ್ಪ, ಆ ಕಥೆಯಲ್ಲಿ ತಾತ ಇನ್ನೇನಾದರೂ ಹೇಳಿದ್ದು ನಿಮಗೆ ನೆನಪಿದ್ದರೆ ಇಲ್ಲೇ ಹಾಕಿ, ಅಪ್ಪ ಕೇಳುತ್ತಿದ್ದಾರೆ.