ಟೆಕ್ಸಾಸಿಂದ ಜರ್ಮನಿಗೆ ಪೋಸ್ಟಿಂಗ್ ಆಗೈತೆ: ದಾವಣಗೆರೆಯಿಂದ ಏನೇನ್ ಒಯ್ಯಬೇಕು, ಅಮ್ಮನ್ನ ಹೆಂಗ್ ಕರೆಸ್ಕೋಬೇಕು?

ವಿದ್ಯಾನಗರದ ಮಗಳು:

ಎಲ್ರಿಗೂ ನಮಸ್ಕಾರ. ನಮ್ಮ ತವರು ದಾವಣಗೆರೆ. ಮದ್ವೆ ಆಗಿ ಅಮೆರಿಕಕ್ಕೆ ಹೋದೆ, ನಮ್ಮನೆಯವ್ರು ಅಲ್ಲಿಗೆ ಓದಕ್ಕೆ ಹೋಗಿ ಆಮೇಲೆ ಯುಎಸ್ ಆರ್ಮಿ ಸೇರಿದ್ರು, ಈಗ ಟೆಕ್ಸಾಸಲ್ಲಿ ಇದೀವಿ, ಇಬ್ರಿಗೂ ಅಲ್ಲಿನ ಸಿಟಿಜನ್‌ಶಿಪ್ ಆಗೈತೆ. ಹೋದ ವಾರ ಫೋನ್ ಮಾಡಿ ಜರ್ಮನಿಗೆ ಆರ್ಡರ್ ಬರ್ತೈತೆ, ಕೈಸರ್ಸ್‌ಲೌಟರ್ನ್ ಅಂತ ಊರು, ನವೆಂಬರ್ ಒಳಗೆ ರಿಪೋರ್ಟ್ ಆಗ್ಬೇಕು, ಮೂರು ವರ್ಷ ಅಂದ್ರು. ನಾನು ಮಗನ್ನ ಕರ್ಕೊಂಡು ಊರಿಗೆ ಬಂದಿದೀನಿ, ಆಗಸ್ಟ್ ಕೊನೆಗೆ ವಾಪಸ್ ಹೋಗ್ಬೇಕು. ಮಗನಿಗೆ 4 ವರ್ಷ, ಎರಡನೇದು ಜನವರಿಗೆ ಡೇಟ್ ಕೊಟ್ಟಿದಾರೆ.

ಅಮ್ಮ ಅಂತಾರೆ, ಮತ್ತೆ ಟೆಕ್ಸಾಸಿಗೆ ಯಾಕೆ ಹೋಗ್ತೀಯ, ಇಲ್ಲಿಂದಾನೇ ಸೀದಾ ಜರ್ಮನಿಗೆ ಹೋಗು, ಬೆಂಗಳೂರಿಂದ ಫ್ರಾಂಕ್‌ಫರ್ಟಿಗೆ ವಿಮಾನ ಐತಲ್ಲ ಅಂತ. ನಂಗೂ ಹಂಗೇ ಅನ್ಸುತ್ತೆ ಆದ್ರೆ ಧೈರ್ಯ ಇಲ್ಲ. ಮಿಕ್ಸಿ, ಗ್ರೈಂಡರ್, ಕುಕ್ಕರ್ ಇಲ್ಲಿಂದ ಒಯ್ಯೋದಾ ಬ್ಯಾಡ್ವಾ? ಬಾಣಂತನಕ್ಕೆ ಅಮ್ಮನ್ನ ಜರ್ಮನಿಗೇ ಕರೆಸ್ಕೋಬೇಕು ಅಂತ ಆಸೆ, ಅವ್ರು ಇಂಡಿಯನ್ ಪಾಸ್‌ಪೋರ್ಟ್. ಮೊದಲ್ನೇ ಬಾಣಂತನದಲ್ಲಿ ಅವ್ರು ಬರಕ್ಕಾಗ್ಲಿಲ್ಲ, ಈ ಸಲ ಅದೊಂದು ತಪ್ಪಬಾರ್ದು. ಗೊತ್ತಿರೋರು ದಯವಿಟ್ಟು ಹೇಳಿ, ರಾತ್ರಿ ನಿದ್ದೆ ಬರ್ತಿಲ್ಲ.

ದುರ್ಗದಕ್ಕ:

ತಂಗಿ, ಮೊದ್ಲು ಸಮಾಧಾನ ಮಾಡ್ಕೊ. ನಾನು ಚಿತ್ರದುರ್ಗದೋಳು, ನಮ್ಮನೆಯವ್ರೂ ಅದೇ ಆರ್ಮಿ, ಕೈಸರ್ಸ್‌ಲೌಟರ್ನ್ ಪಕ್ಕದ ಲಾಂಡ್‌ಶ್ಟೂಲ್ ಹತ್ರ ಮೂರು ವರ್ಷ ಇದ್ದು ಬಂದಿದೀವಿ. ನಿಮಗೆ ಸಿಕ್ಕಿರೋದು ಒಳ್ಳೇ ಜಾಗ, ಅಮೆರಿಕದ ಹೊರಗಿರೋ ಅಮೆರಿಕನ್ ಮಿಲಿಟರಿ ಸಮುದಾಯಗಳಲ್ಲೆಲ್ಲ ದೊಡ್ಡದು ಅದೇ. ಲಾಂಡ್‌ಶ್ಟೂಲ್ ಆಸ್ಪತ್ರೆನೂ ಅಷ್ಟೇ, ಅಮೆರಿಕದ ಹೊರಗೆ ಅವ್ರಿಗೆ ಅದಕ್ಕಿಂತ ದೊಡ್ಡ ಆಸ್ಪತ್ರೆ ಇಲ್ಲ.

ಸೀದಾ ಹೋಗೋ ಮಾತಿಗೆ ಬರ್ತೀನಿ. ಟಿಕೆಟ್ ಈಗ್ಲೇ ತಗೋಬ್ಯಾಡ, ಖಂಡಿತ ಬ್ಯಾಡ. ಆರ್ಡರಲ್ಲಿ ನಿಮ್ಮನೆಯವ್ರ ಹೆಸ್ರು ಇದ್ದ ಮಾತ್ರಕ್ಕೆ ನೀನು ಮಗ ಹೋಗಕ್ಕಾಗಲ್ಲ. ಕಮಾಂಡ್ ಸ್ಪಾನ್ಸರ್‌ಶಿಪ್ ಅಂತ, ಅಂದ್ರೆ ಮನೆಮಂದಿನೂ ಜೊತೆಗೆ ಬರ್ಬಹುದು ಅಂತ ಆರ್ಮಿಯವ್ರ ಒಪ್ಪಿಗೆ, ಬರ್ಬೇಕು, ಅದು ಬರ್ಬೇಕಂದ್ರೆ ಮನೆಮಂದಿಗೆಲ್ಲ ಓವರ್‌ಸೀಸ್ ಸ್ಕ್ರೀನಿಂಗ್ ಆಗ್ಬೇಕು, ನಿಂಗೂ ಮಗನಿಗೂ ಏನೇನ್ ಟ್ರೀಟ್‌ಮೆಂಟ್ ನಡೀತೈತೆ, ಅದು ಆ ಊರಲ್ಲಿ ಸಿಗುತ್ತಾ ಅಂತ ಅವ್ರು ನೋಡ್ತಾರೆ. ನೀನು ಬಸುರಿ ಬೇರೆ, ಹಂಗಾಗಿ ಇದನ್ನ ಸೆಪ್ಟೆಂಬರಿಗೆ ಅಂತ ಮುಂದಕ್ಕೆ ಹಾಕಬ್ಯಾಡ, ಇವತ್ತೇ ನಿಮ್ಮನೆಯವ್ರಿಗೆ ಹೇಳಿ ಅಪಾಯಿಂಟ್‌ಮೆಂಟ್ ಹಿಡಿಸು. ಇನ್ನೊಂದು, ಸರ್ಕಾರ ಖರ್ಚು ಕೊಡೋದು ಆರ್ಡರಲ್ಲಿರೋ ದಾರಿಗೆ. ನಾವಾಗೇ ಬೇರೆ ಕಡೆಯಿಂದ ಟಿಕೆಟ್ ಮಾಡ್ಸಿದ್ರೆ ದುಡ್ಡು ವಾಪಸ್ ಬರೋದು ಕಷ್ಟ. ಅಮೆರಿಕದ ಬಾಲ್ಟಿಮೋರಿಂದ ಕೈಸರ್ಸ್‌ಲೌಟರ್ನ್ ಹತ್ರದ ರಾಮ್‌ಸ್ಟೈನ್ ಏರ್‌ಬೇಸಿಗೆ ಮಿಲಿಟರಿದೇ ವಿಮಾನ ಹೋಗ್ತೈತೆ, ಪೇಟ್ರಿಯಟ್ ಎಕ್ಸ್‌ಪ್ರೆಸ್ ಅಂತ, ಹೆಚ್ಚಿನೋರು ಅದ್ರಲ್ಲೇ ಹೋಗ್ತಾರೆ. ಆಗ ನಿಂಗೆ ಏಳು ತಿಂಗಳಾಗಿರುತ್ತೆ, ಡಾಕ್ಟರ್ ಹತ್ರ ಲೆಟರ್ ಮಾಡ್ಸಿ ಇಟ್ಕೊ.

ಪಾಸ್‌ಪೋರ್ಟ್ ಎರಡು ಬೇಕಾಗ್ತೈತೆ ಗೊತ್ತಿರ್ಲಿ. ಡ್ಯೂಟಿ ಮೇಲೆ ಹೋಗಕ್ಕೆ ನೋ ಫೀ ಪಾಸ್‌ಪೋರ್ಟ್ ಅಂತ ಫೀಸಿಲ್ದೆ ಮಾಡ್ಕೊಡ್ತಾರೆ, ಅದು ಆ ಪ್ರಯಾಣಕ್ಕೆ ಮಾತ್ರ. ಅಲ್ಲಿಂದ ದಾವಣಗೆರೆಗೆ ಬರ್ಬೇಕಂದ್ರೆ ಮಾಮೂಲಿ ಪಾಸ್‌ಪೋರ್ಟು, ಓಸಿಐ ಕಾರ್ಡೂ (ಭಾರತ ಮೂಲದ ವಿದೇಶಿ ಸಿಟಿಜನ್‌ಗಳಿಗೆ ಕೊಡೋದು) ಬೇಕು, ಡೇಟ್ ಮುಗಿಯಕ್ಕೆ ಬಂದಿದ್ರೆ ಈಗ್ಲೇ ರಿನ್ಯೂ ಮಾಡ್ಸು.

ಸಾಮಾನು ಎರಡು ಕಂತಲ್ಲಿ ಬರ್ತೈತೆ. ಬೇಗ ಬೇಕಾಗಿರೋದು ಸ್ವಲ್ಪ ಮುಂಚೆ ಬರ್ತೈತೆ, ದೊಡ್ಡ ಸಾಮಾನು ಹಡಗಲ್ಲಿ, ಅದಕ್ಕೆ ತಿಂಗಳುಗಟ್ಲೆ ಕಾಯ್ಬೇಕು. ನಮಗೆ ಬಂದಿದ್ದು 71ನೇ ದಿನಕ್ಕೆ. ಅಷ್ಟು ದಿನ ಮಂಚ, ಸೋಫಾ, ಟೇಬಲ್ ಅವ್ರೇ ಎರವಲು ಕೊಡ್ತಾರೆ, ಆದ್ರೆ ಒಗ್ಗರಣೆ ಸೌಟು ಯಾರೂ ಕೊಡಲ್ಲ ಕಣಮ್ಮ. ನಾನು ಮೊದಲ್ನೇ ಕಂತಲ್ಲಿ ಚಳಿ ಬಟ್ಟೆ ಹಾಕಿದ್ದೆ, ಅಡಿಗೆ ಸಾಮಾನು ಹಡಗಿಗೆ ಹಾಕ್ಬಿಟ್ಟೆ, ಒಂದು ಬಾಣಲೆಯಲ್ಲೇ ಅನ್ನ ಸಾರು ಎರಡೂ ಮಾಡ್ತಾ ಎರಡು ತಿಂಗಳು ತಳ್ಳಿದೀನಿ. ನೀನು ಕೂಸಿನ ಬಟ್ಟೆ, ಒಂದು ಕುಕ್ಕರು, ಒಂದು ಹಂಚು, ಮಸಾಲೆ ಡಬ್ಬಿ ಮೊದಲ್ನೇ ಕಂತಿಗೇ ಹಾಕು.

ಈಗ ಮಿಕ್ಸಿ. ದಾವಣಗೆರೆಯಿಂದಾನೇ ತಗೊಂಡೋಗು, ಕಣ್ಣು ಮುಚ್ಕೊಂಡು. ನಮ್ಮ ಕರೆಂಟು 230 ವೋಲ್ಟ್ 50 ಹರ್ಟ್ಸ್, ಜರ್ಮನಿದೂ ಅದೇ. ಟೆಕ್ಸಾಸಿಂದು 120 ವೋಲ್ಟ್ 60 ಹರ್ಟ್ಸ್, ಆ ಮಿಕ್ಸಿಗೆ ಅಲ್ಲಿ ಡಬ್ಬದಂಥ ಟ್ರಾನ್ಸ್‌ಫಾರ್ಮರ್ ಹಾಕ್ಬೇಕು, ಅದು ವೋಲ್ಟೇಜ್ ಬದಲಾಯಿಸ್ತೈತೆ ಹೊರತು ಹರ್ಟ್ಸ್ ಅಲ್ಲ, ಕೆಲವು ಮೋಟ್ರು ಅದಕ್ಕೆ ಬಿಸಿ ಆಗ್ತಾವೆ. ನಮ್ಮ ಮೂರು ಪಿನ್ನಿನ ಪ್ಲಗ್ಗಿಗೆ ಮಾತ್ರ ಅರ್ಥಿಂಗ್ ಇರೋ ಅಡಾಪ್ಟರ್ ಬೇಕು.

ಫೌಜಿ ಮನೆಯವ್ರು, ಹಿರಿಯೂರು:

ಮಗಳೇ, ನಮ್ಮದು ಇಂಡಿಯನ್ ಆರ್ಮಿ, ಯಜಮಾನ್ರು 24 ವರ್ಷ ಸರ್ವಿಸ್ ಮಾಡಿ ರಿಟೈರ್ ಆದ್ರು, ಜಬಲ್‌ಪುರ, ಪಠಾಣ್‌ಕೋಟ್, ಆಮೇಲೆ ಅಸ್ಸಾಂ ಅಂತ ಒಂಬತ್ತು ಸಲ ಮನೆ ಕಟ್ಟಿ ಬಿಚ್ಚಿದೀನಿ. ಜರ್ಮನಿ ನಂಗೊತ್ತಿಲ್ಲ, ಟ್ರಂಕ್ ಗೊತ್ತು.

ಒಂದು ಸಲ ಲಾರಿಯವ್ರು ನಮ್ಮ ಸಾಮಾನು ಬೇರೆ ಊರಲ್ಲಿ ಇಳಿಸಿ 40 ದಿನ ತಡ ಮಾಡಿದ್ರು. ಅದ್ರೊಳಗೆ ದೊಡ್ಡ ಮಗಳ ಟಿಸಿ, ಮಾರ್ಕ್ಸ್ ಕಾರ್ಡು, ಇಂಜೆಕ್ಷನ್ ಕಾರ್ಡು ಎಲ್ಲಾ ಇತ್ತು, ಶಾಲೇಲಿ ಅಡ್ಮಿಷನ್ ಕೊಡ್ಲಿಲ್ಲ, ಹುಡುಗಿ ದಿನಾ ಕಿಟಕಿ ಹತ್ರ ಕೂತು ಬೇರೆ ಮಕ್ಳು ಶಾಲೆ ಬಸ್ ಹತ್ತೋದು ನೋಡೋಳು. ಆವತ್ತಿಂದ ಕಾಗದ ಪತ್ರ ಒಂದು ಕೆಂಪು ಬಟ್ಟೆ ಚೀಲದಲ್ಲಿ ನನ್ನ ಹೆಗಲ ಮೇಲೇ. ನೀನೂ ಹಂಗೇ ಮಾಡು. ಮದ್ವೆ ಸರ್ಟಿಫಿಕೇಟು, ಮಗನ ಜನನ ಪತ್ರ, ಎಲ್ರ ಪಾಸ್‌ಪೋರ್ಟು, ಆರ್ಡರಿಂದು ಐದಾರು ಜೆರಾಕ್ಸ್, ಡಾಕ್ಟರ್ ಚೀಟಿಗಳು, ಒಂದನ್ನೂ ಪ್ಯಾಕಿಂಗ್‌ನೋರ ಕೈಗೆ ಸಿಗದಂಗೆ ಇಡು. ಅವ್ರು ಬರೋ ದಿನ ಆ ಚೀಲ ಪಕ್ಕದ ಮನೇಲಿಡು, ಮನೇಲಿದ್ರೆ ಅದನ್ನೂ ಕಟ್ಟಿಬಿಡ್ತಾರೆ.

ಪ್ರತಿ ಡಬ್ಬಕ್ಕೂ ನಂಬರ್ ಬರಿ, ಒಳಗೇನೈತೆ ಒಂದು ನೋಟ್‌ಬುಕ್ಕಲ್ಲಿ ಬರಿ, ಫೋಟೋ ತೆಗಿ. ಬಂಗಾರ ಮೈಮೇಲಿರೋಷ್ಟು ಸಾಕು, ಉಳಿದದ್ದು ಲಾಕರಲ್ಲಿಡು. ಮಗ ಮಲಗೋವಾಗ ಹೊದ್ದುಕೊಳ್ಳೋ ದುಪ್ಪಟಿ ಒಗೀದೇ ಹಂಗೇ ಬ್ಯಾಗಲ್ಲಿ ಹಾಕ್ಕೊ. ಹೊಸ ಮನೇಲಿ ಮೊದಲ್ನೇ ರಾತ್ರಿ ಅದರ ವಾಸನೆಗೆ ಮಕ್ಳು ಮಲಗ್ತಾವೆ.

ಹರಿಹರದ ಹುಡುಗ, ಫ್ರಾಂಕ್‌ಫರ್ಟ್:

ಅಕ್ಕಾ ನಾನು ಮಿಲಿಟರಿ ಅಲ್ಲ, ಸಾಫ್ಟ್‌ವೇರ್, ಆರು ವರ್ಷದಿಂದ ಇಲ್ಲಿದೀನಿ. ಕೈಸರ್ಸ್‌ಲೌಟರ್ನ್ ನಮಗೆ ನೂರು ಕಿಲೋಮೀಟರ್ ಮೇಲೆ ಸ್ವಲ್ಪ, ಇಲ್ಲಿ ಇಂಡಿಯನ್ ಅಂಗಡಿಗಳು ಬೇಕಾದಷ್ಟು ಅದಾವೆ, ಅಕ್ಕಿ ಬೇಳೆ ಹೊತ್ಕೊಂಡು ಬರಬ್ಯಾಡಿ.

ಏರ್‌ಪೋರ್ಟಲ್ಲಿ ಹಾಲಿನ ಪದಾರ್ಥ, ಮಾಂಸ ಎರಡೂ ತರಂಗಿಲ್ಲ, ಯುರೋಪಿಯನ್ ಯೂನಿಯನ್ ರೂಲು ಇದು, ಇಂಡಿಯಾದಿಂದ ಬರೋರಿಗೂ ಅಮೆರಿಕದಿಂದ ಬರೋರಿಗೂ ಇದೇ. ಅಂದ್ರೆ ದಾವಣಗೆರೆ ಬೆಣ್ಣೆ, ತುಪ್ಪ, ಪೇಡ ಬರಲ್ಲ. ನಮ್ಮಮ್ಮ ಮೊದಲ್ನೇ ಸಲ ಬರೋವಾಗ ಎರಡು ಕೆಜಿ ತುಪ್ಪ ಕಟ್ಕೊಂಡು ಬಂದಿದ್ರು, ಕಸ್ಟಮ್ಸಲ್ಲಿ ಕಣ್ಣೆದ್ರಿಗೇ ತೆಗೆದು ಡಸ್ಟ್‌ಬಿನ್ನಿಗೆ ಹಾಕಿದ್ರು, ಅಮ್ಮ ಕಾರಲ್ಲಿ ಮನೆ ಮುಟ್ಟೋವರೆಗೂ ಮಾತೇ ಆಡ್ಲಿಲ್ಲ. ಹಸಿ ಕರಿಬೇವು, ಹಣ್ಣು, ತರಕಾರಿ ಕೂಡ ಸರ್ಟಿಫಿಕೇಟ್ ಇಲ್ದೆ ತರಂಗಿಲ್ಲ, ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸ್, ಡ್ಯೂರಿಯನ್ ಇಷ್ಟಕ್ಕೇ ವಿನಾಯಿತಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಸಾರಿನ ಪುಡಿ ಧಾರಾಳವಾಗಿ ತನ್ನಿ. ಬೆಣ್ಣೆ ಚಿಂತೆ ಬ್ಯಾಡ, ಇಲ್ಲಿ ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಪ್ಯಾಕೆಟ್ಟು ಎಲ್ಲಾ ಅಂಗಡೀಲೂ ಸಿಗುತ್ತೆ, ಕಾಯಿಸಿದ್ರೆ ತುಪ್ಪ ಘಮ್ ಅನ್ನುತ್ತೆ.

ಒಲೆ ನೋಡ್ಕೊಂಡು ಪಾತ್ರೆ ತಗೊಳ್ಳಿ. ಇಲ್ಲಿ ಬಹಳ ಮನೇಲಿ ಗ್ಯಾಸ್ ಇಲ್ಲ, ಗಾಜಿನ ಪ್ಲೇಟಿನ ಕರೆಂಟ್ ಒಲೆ. ತಳ ಗುಂಡಗಿರೋ ಹಂಚು ಅದ್ರ ಮೇಲೆ ನಡುವಿಗೆ ಮಾತ್ರ ತಾಗುತ್ತೆ, ದೋಸೆ ನಡುವೆ ಸೀದು ಅಂಚು ಹಸೀನೇ ಉಳಿಯುತ್ತೆ. ತಳ ಸಪಾಟಾಗಿರೋ ಬೀಡಿನ ಹಂಚು ತನ್ನಿ. ಇಂಡಕ್ಷನ್ ಆದ್ರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿನೇ ಆಗಲ್ಲ, ಆಯಸ್ಕಾಂತ ಅಂಟುತ್ತಾ ನೋಡಿ ಸ್ಟೀಲಿಂದು ತಗೊಳ್ಳಿ.

ಹೊರಗಡೆ ಬಾಡಿಗೆ ಮನೆ ನೋಡಿದ್ರೆ ಹೆದರ್ಕೋಬ್ಯಾಡಿ, ಬಹಳ ಮನೆಗಳಲ್ಲಿ ಅಡಿಗೆಮನೆ ಅಂದ್ರೆ ಬರೀ ನಾಲ್ಕು ಗೋಡೆ, ಸಿಂಕೂ ಇರಲ್ಲ, ಲೈಟಿನ ಜಾಗದಲ್ಲಿ ವೈರ್ ನೇತಾಡ್ತಿರುತ್ತೆ. ಕಾಲ್ಟ್‌ಮೀಟೆ ಅಂದ್ರೆ ಬರೀ ಬಾಡಿಗೆ, ವಾರ್ಮ್‌ಮೀಟೆ ಅಂದ್ರೆ ಹೀಟಿಂಗ್, ನೀರು ಎಲ್ಲಾ ಸೇರಿದ್ದು, ಯಾವುದು ಹೇಳ್ತಿದಾರೆ ಕೇಳಿ. ಅಡ್ವಾನ್ಸು ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳಂಗಿಲ್ಲ, ಅದು ಕಾನೂನು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಭಾನುವಾರ ಇಡೀ ದಿನ ಗದ್ಲ ಮಾಡಂಗಿಲ್ಲ, ರುಬ್ಬೋದು ಶನಿವಾರ ಸಂಜೆಯೊಳಗೆ ಮುಗಿಸ್ಕೊಳ್ಳಿ. ಭಾನುವಾರ ಅಂಗಡಿನೂ ಬಂದ್. ಆಂಬುಲೆನ್ಸಿಗೆ 112, ಪೊಲೀಸಿಗೆ 110, ಫ್ರಿಜ್ ಮೇಲೆ ಬರೆದು ಅಂಟಿಸಿ.

ಕಾರು ತಂದ್ರೆ ಚಳಿಗಾಲದ ಟೈರ್ ಬೇಕು, 2024ರ ಅಕ್ಟೋಬರಿಂದ ಬೆಟ್ಟದ ಚಿತ್ರದೊಳಗೆ ಹಿಮದ ಹೂವಿನ ಗುರುತು ಇರೋ ಟೈರೇ ಲೆಕ್ಕಕ್ಕೆ ಬರೋದು, ನೀವು ಬರೋದೇ ನವೆಂಬರಲ್ಲಿ.

ದುರ್ಗದಕ್ಕ:

ತಮ್ಮ ಹೇಳಿದ್ದು ಸರಿ ಐತೆ, ಒಂದು ಸೇರಿಸ್ತೀನಿ. ಬಾಡಿಗೆ ಅಗ್ರಿಮೆಂಟಿಗೆ ಮಿಲಿಟರಿ ಬೇಸಿನ ಹೌಸಿಂಗ್ ಆಫೀಸ್‌ನೋರು ನೋಡೋ ಮುಂಚೆ ಸಹಿ ಹಾಕ್ಬ್ಯಾಡಿ. ಮನೆ ಸಿಗೋವರೆಗೂ ಹೋಟ್ಲಲ್ಲಿ ಇರೋದಕ್ಕೆ ಭತ್ಯೆ ಕೊಡ್ತಾರೆ, ರಸೀದಿ ಒಂದೂ ಕಳೀಬ್ಯಾಡ. ಮಗನ್ನ ಜರ್ಮನ್ ಕಿಂಡರ್‌ಗಾರ್ಟನ್ನಿಗೆ ಹಾಕೋದಾದ್ರೆ ದಡಾರದ ಎರಡೂ ಇಂಜೆಕ್ಷನ್ ಆಗಿರೋ ದಾಖಲೆ ತೋರಿಸ್ಲೇಬೇಕು, 2020ರ ಮಾರ್ಚಿಂದ ಕಾನೂನೇ ಮಾಡಿದಾರೆ. ಅವನಿಗೆ ಯಾವ್ದಾದ್ರೂ ಲಸಿಕೆ ದಾವಣಗೆರೇಲಿ ಹಾಕ್ಸಿದ್ರೆ ಈಗ್ಲೇ ಡಾಕ್ಟರ್ ಹತ್ರ ಹೋಗಿ ತಾರೀಖು ಸಮೇತ ಇಂಗ್ಲಿಷಲ್ಲಿ ಬರೆಸಿ ಸೀಲ್ ಹಾಕ್ಸ್ಕೊ.

ವಿದ್ಯಾನಗರದ ಮಗಳು:

ಎಲ್ಲಾ ಓದಿ ಅಮ್ಮನಿಗೂ ಓದಿ ಹೇಳ್ದೆ, ಟ್ರಂಕಿನ ಮಾತಿಗೆ ಅಮ್ಮ ಕಣ್ಣೀರ್ ಹಾಕಿದ್ರು. ಮಗನಿಗೆ ಒಂದು ಡೋಸ್ ಇಲ್ಲೇ ಹಾಕ್ಸಿದ್ದು, ನಾಳೆನೇ ಹೋಗ್ತೀನಿ. ಅಕ್ಕ, ಅಮ್ಮನ ವೀಸಾ ಬಗ್ಗೆ ಹೇಳ್ರಿ. ಗ್ರೈಂಡರ್ ಒಯ್ಲಾ? ಕಲ್ಲು ಭಾಳ ಭಾರ.

ದುರ್ಗದಕ್ಕ:

ಗ್ರೈಂಡರ್ ಬ್ಯಾಡ, ವಿಮಾನದಲ್ಲಿ ಆ ತೂಕದಾಗೆ ಕೂಸಿಗೆ ಬೇಕಾಗಿದ್ದೆಲ್ಲ ಬರ್ತೈತೆ. ಮಿಕ್ಸೀಲಿ ತಣ್ಣೀರು ಹಾಕಿ ರುಬ್ಬು, ಹಿಟ್ಟು ಚಳಿಗೆ ಹುದುಗಲ್ಲ, ಓವನ್ ಒಳಗೆ ಬರೀ ಲೈಟ್ ಹಾಕಿ ರಾತ್ರಿ ಇಡು, ಬೆಳಿಗ್ಗೆ ಉಕ್ಕಿರುತ್ತೆ.

ಅಮ್ಮ ನಿಮ್ಮ ಆರ್ಡರಿನ ಲೆಕ್ಕಕ್ಕೆ ಬರಲ್ಲ, ಎಲ್ರಂಗೆ ಷೆಂಗೆನ್ ವೀಸಾ (ಜರ್ಮನಿ ಸೇರಿ ಯುರೋಪಿನ ಬಹಳ ದೇಶಗಳಿಗೆ ಒಂದೇ ವೀಸಾ) ತಗೊಂಡು ಬರ್ಬೇಕು. 180 ದಿನದಲ್ಲಿ 90 ದಿನ ಮಾತ್ರ, ಇಳಿದ ದಿನ ಹೊರಟ ದಿನ ಎರಡೂ ಲೆಕ್ಕಕ್ಕೆ ಹಿಡೀತಾರೆ. ಬಾಣಂತನಕ್ಕೆ ಮೂರು ತಿಂಗಳು ಬೇಕು ಅಂತ ಡೆಲಿವರಿಗೆ ಒಂದು ತಿಂಗಳು ಮುಂಚೆ ಕರೆಸ್ಕೊಂಡ್ರೆ ಆ ತಿಂಗಳು ಸುಮ್ನೆ ಹೋಗ್ತೈತೆ. ಡೇಟಿಗೆ ಹತ್ತು ದಿನ ಮುಂಚೆ ಬರೋ ಹಂಗೆ ನೋಡ್ಕೊ. ಅರ್ಜಿ ಪ್ರಯಾಣಕ್ಕೆ ಆರು ತಿಂಗಳು ಮುಂಚಿಂದ ಹಾಕ್ಬಹುದು, ನಿಮ್ಮ ಅಡ್ರೆಸ್ ಗೊತ್ತಾದ ತಕ್ಷಣ ಹಾಕ್ಸು, ಬೆಂಗಳೂರಿಗೆ ಅವ್ರೇ ಹೋಗಿ ಬೆರಳಚ್ಚು ಕೊಡ್ಬೇಕು. ಫೀಸು 90 ಯೂರೋ, ಇನ್ಶೂರೆನ್ಸು ಕಡಿಮೆ ಅಂದ್ರೂ 30,000 ಯೂರೋದ್ದು ಇರ್ಬೇಕು. ಅಪ್ಪ ಊರಲ್ಲೇ ಇರ್ತಾರೆ, ಮನೆ ಐತೆ, ಪೆನ್ಷನ್ ಬರ್ತೈತೆ ಅಂತ ವಾಪಸ್ ಬರೋದಕ್ಕೆ ಸಾಕ್ಷಿ ಇರೋ ಕಾಗದ ಎಲ್ಲಾ ಜೋಡಿಸು. ಬಿಪಿ ಶುಗರ್ ಮಾತ್ರೆ ಮೂರು ತಿಂಗಳಿಗೆ ಆಗೋಷ್ಟು ಚೀಟಿ ಸಮೇತ ತರ್ಲಿ. ಬೇಸ್ ಒಳಗೆ ಬರ್ಬೇಕಂದ್ರೆ ನೀವೇ ಗೇಟಲ್ಲಿ ಪಾಸ್ ಮಾಡ್ಸಿ ಕರ್ಕೊಂಡು ಹೋಗ್ಬೇಕು.

ಅಂಟಿನ ಉಂಡೆ ಮಾಡಿ ತರಬ್ಯಾಡ ಅನ್ನು, ತುಪ್ಪ ಇರ್ತೈತೆ. ಅಂಟು, ಉತ್ತತ್ತಿ, ಒಣಕೊಬ್ಬರಿ, ಶುಂಠಿ ಪುಡಿ ಬೇರೆ ಬೇರೆ ಪ್ಯಾಕ್ ಮಾಡಿ ಹೆಸ್ರು ಬರೆದು ತರ್ಲಿ, ಉಂಡೆ ಅಲ್ಲೇ ಕಟ್ಲಿ.

ವಿದ್ಯಾನಗರದ ಮಗಳು:

ಅಕ್ಕ, ತುಂಬಾ ಉಪಕಾರ ಆಯ್ತು. ನಮ್ಮನೆಯವ್ರು ಸ್ಕ್ರೀನಿಂಗಿಗೆ ಸೆಪ್ಟೆಂಬರ್ ಮೊದಲ್ನೇ ವಾರ ಅಪಾಯಿಂಟ್‌ಮೆಂಟ್ ತಗೊಂಡಿದಾರೆ, ನಾನು ವಾಪಸ್ ಹೋಗೋದೂ ಹತ್ತು ದಿನ ಮುಂಚೆ ಮಾಡ್ಕೊಂಡೆ. ಅಪ್ಪ ಮಧ್ಯಾಹ್ನನೇ ಆಯಸ್ಕಾಂತ ಜೇಬಲ್ಲಿ ಹಾಕ್ಕೊಂಡು ಕುಕ್ಕರ್ ತರಕ್ಕೆ ಚೌಕಿಪೇಟೆಗೆ ಹೋಗಿದಾರೆ. ಅಮ್ಮ ಕೊಬ್ಬರಿ ಬಿಸಿಲಿಗೆ ಹಾಕಿದಾರೆ, ಜನವರಿ ಇನ್ನೂ ದೂರ ಐತೆ ಅಂದ್ರೂ ಕೇಳ್ತಿಲ್ಲ.