ಸಹಾಯ ಬೇಕು: ದಾಸರಹಳ್ಳಿ ಬಿಟ್ಟು ನೆಲಮಂಗಲಕ್ಕೆ ಮನೆ ಬದಲಿಸಿದರೆ ದುಡ್ಡು ಉಳಿಯುತ್ತಾ?

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಪೀಣ್ಯದಲ್ಲಿ ಲೇತ್ ಮಷೀನ್ ಕೆಲಸದಲ್ಲಿದ್ದಾರೆ. ಫ್ಯಾಕ್ಟರಿಗೆ ಆರ್ಡರ್ ಇಲ್ಲ, ಓಟಿ ಪೂರ್ತಿ ನಿಂತಿದೆ. ಮನೆ ನಡೆಯುತ್ತಿದ್ದುದೇ ಆ ಓಟಿ ದುಡ್ಡಿನಲ್ಲಿ. 2025ರಲ್ಲಿ ಬಸ್, ಮೆಟ್ರೋ, ಹಾಲು ಒಂದರ ಹಿಂದೆ ಒಂದು ಏರಿದವು. ನಂದಿನಿ ಹಾಲು ಏಪ್ರಿಲ್‌ನಲ್ಲಿ ಒಂದೇ ಸಲ ಲೀಟರಿಗೆ 4 ರೂಪಾಯಿ ಜಾಸ್ತಿ ಆಯ್ತಲ್ವಾ? ಸಂಜೆ ಪ್ಯಾಕೆಟ್ ನಿಲ್ಲಿಸಿದ್ದೇನೆ. ಹೆಪ್ಪು ಹಾಕಲು ಬೆಳಗಿನ ಹಾಲಿನಲ್ಲೇ ಅರ್ಧ ಲೋಟ ಎತ್ತಿಡುತ್ತೇನೆ. ಈಗ ಓನರ್ ಬಾಡಿಗೆ ಬೇರೆ ಏರಿಸುತ್ತಾರಂತೆ.

ಅದಕ್ಕೇ ನೆಲಮಂಗಲದ ಯೋಚನೆ. ನನಗೆ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ. ಅವರಿಗೆ ಟಿಕೆಟ್ ಆಗುತ್ತದೆ, ಮೇಲೆ ಸೆಕೆಂಡ್ ಶಿಫ್ಟ್ ಬಿಡುವ ಹೊತ್ತಿಗೆ ಬಸ್ ಸಿಗಬೇಕು. ಅಲ್ಲಿಂದ ಪೀಣ್ಯಕ್ಕೆ ದಿನಾ ಓಡಾಡುವವರು ಯಾರಾದರೂ ಇದ್ದೀರಾ? ಬಾಡಿಗೆಯಲ್ಲಿ ಉಳಿದದ್ದು ಓಡಾಟಕ್ಕೇ ಹೋಗುತ್ತಾ?

ಇನ್ನೊಂದು, ಗೃಹಜ್ಯೋತಿ. ಹಳೇ ಮನೆಯ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿ ಹೊಸ ಮನೆಗೆ ಜೋಡಿಸಬೇಕಲ್ಲ, ಎಷ್ಟು ದಿನ ಹಿಡಿಯಿತು ನಿಮಗೆ? ಹಿಂದಿನವರು ಕರೆಂಟ್ ಕಡಿಮೆ ಬಳಸಿದ್ದರೆ ನಮಗೆ ಸಿಗುವ ಫ್ರೀ ಯೂನಿಟ್ ಕೂಡ ಕಡಿಮೆಯಾಗುತ್ತಾ?

ಸಾಲ ಆ್ಯಪ್ ಲಿಂಕ್ ದಯವಿಟ್ಟು ಹಾಕಬೇಡಿ. ಮಾಡಿ ನೋಡಿದವರು ಹೇಳಿದರೆ ಸಾಕು.