ರಾತ್ರಿ ಶಟ್‌ಡೌನ್ ಸರಿಯಾಗಿ ಆಗುತ್ತದೆ, ಬೆಳಿಗ್ಗೆ ಒಂದೇ ಸಲಕ್ಕೆ ಆನ್ ಆಗುವುದಿಲ್ಲ

ಕೀಲಿಮಣೆ:
ಎಲ್ಲರಿಗೂ ನಮಸ್ಕಾರ. ನನ್ನ ಡೆಸ್ಕ್‌ಟಾಪ್‌ಗೆ ಈಗ ಆರು ವರ್ಷ. ವಿಂಡೋಸ್ 10 ಇದೆ. ಒಂದು ಎಸ್‌ಎಸ್‌ಡಿ, ಜೊತೆಗೆ ಒಂದು ಹಳೆಯ ಹಾರ್ಡ್‌ಡಿಸ್ಕ್. ಮೂರು ತೊಂದರೆ ಶುರುವಾಗಿವೆ. ಒಂದಕ್ಕೊಂದು ನಂಟಿದೆಯೋ ಇಲ್ಲವೋ ತಿಳಿಯುತ್ತಿಲ್ಲ.

ಬೆಳಿಗ್ಗೆ ಪವರ್ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಎರಡು ಮೂರು ಸಲ ಒತ್ತಿದ ಮೇಲೆ ಹೇಗೋ ಏಳುತ್ತದೆ. ಮಧ್ಯಾಹ್ನ ಆಫ್ ಮಾಡಿ ಆನ್ ಮಾಡಿದರೆ ಏನೂ ತಕರಾರಿಲ್ಲ. ಇನ್ನೊಂದು, ವಾರಕ್ಕೆ ಒಂದೆರಡು ಸಲ ಶುರುವಿನಲ್ಲೇ ಡಿಸ್ಕ್ ಪರೀಕ್ಷೆ ಬರುತ್ತದೆ. ಇದರ ಜೊತೆಗೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ.

ನಾನು ಬಟನ್ ಅದುಮಿ ಹಿಡಿದು ಆರಿಸುವವನಲ್ಲ. ದಿನಾ ಮೆನುವಿನಿಂದಲೇ ಶಟ್‌ಡೌನ್ ಕೊಡುತ್ತೇನೆ. ಸ್ಕ್ರೀನ್ ಕಪ್ಪಾದ ಕೂಡಲೇ ಗೋಡೆಯ ಸ್ವಿಚ್ ಆಫ್ ಮಾಡಿ ಮಲಗುತ್ತೇನೆ. ಪವರ್ ಸಪ್ಲೈ ಹೋಗಿದೆಯಾ? ಬಿಚ್ಚಿ ನೋಡಲಾ?

ತಂತಿಗಂಟು:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬಿಚ್ಚಬೇಡಿ. ಪವರ್ ಸಪ್ಲೈ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ವೋಲ್ಟೇಜ್‌ಗೆ ಇಳಿಸುವ ಡಬ್ಬ. ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ (ಕರೆಂಟನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ) 300ರಿಂದ 400 ವೋಲ್ಟ್ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಕ್ಯಾಬಿನೆಟ್ ಬೇಕಾದರೆ ತೆಗೆಯಿರಿ, ಪವರ್ ಸಪ್ಲೈ ಡಬ್ಬ ಮಾತ್ರ ಬೇಡ.

"ಸ್ಕ್ರೀನ್ ಕಪ್ಪಾದ ಕೂಡಲೇ" ಅಂದಿರಲ್ಲ, ನನ್ನ ಅನುಮಾನ ಅಲ್ಲೇ ಇದೆ. ಸ್ಕ್ರೀನ್ ಕಪ್ಪಾಯಿತು ಅಂದರೆ ಮಾನಿಟರ್‌ಗೆ ಸಿಗ್ನಲ್ ನಿಂತಿದೆ ಅಂತ, ಅಷ್ಟೇ. ಕಂಪ್ಯೂಟರ್ ಇನ್ನೂ ಕೆಲಸ ಮಾಡುತ್ತಿರಬಹುದು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್‌ಅಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ಪೂರ್ತಿ ಮುಚ್ಚುವುದಿಲ್ಲ. ಸಿಸ್ಟಂನ ಒಳಭಾಗದ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಆಮೇಲೆ ಆರುತ್ತದೆ. ನೀವು ಆ ಬರವಣಿಗೆಯ ಮಧ್ಯದಲ್ಲೇ ಕರೆಂಟ್ ಕಿತ್ತುಕೊಳ್ಳುತ್ತಿದ್ದೀರಿ ಅಂತ ಕಾಣುತ್ತದೆ. ಡಿಸ್ಕ್ ಪರೀಕ್ಷೆ ಬರುವುದೂ ಅದಕ್ಕೇ ಇರಬಹುದು.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಶಟ್‌ಡೌನ್ ಕೊಟ್ಟು ಸ್ವಿಚ್ ಮುಟ್ಟದೆ ಸುಮ್ನೆ ಕೂತು ನೋಡಿ. ಸ್ಕ್ರೀನ್ ಯಾವಾಗ ಕಪ್ಪಾಯಿತು, ಫ್ಯಾನ್ ಯಾವಾಗ ನಿಂತಿತು, ಎರಡನ್ನೂ ಬರೆದುಕೊಳ್ಳಿ. ಆ ರಾತ್ರಿ ಗೋಡೆಯ ಸ್ವಿಚ್ ಆನ್ ಇರಲಿ. ಬೆಳಿಗ್ಗೆ ಹೇಗೆ ಏಳುತ್ತದೆ ನೋಡಿ. ಆಮೇಲೆ ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂಯರ್ ತೆರೆದು ಸಿಸ್ಟಂ ಲಾಗ್‌ನಲ್ಲಿ ಕರ್ನಲ್-ಪವರ್ 41 ಇದೆಯಾ ಹುಡುಕಿ. ಸರಿಯಾಗಿ ಮುಚ್ಚದೆ ಮತ್ತೆ ಶುರುವಾದಾಗ ಬರುವ ದಾಖಲೆ ಅದು.

ಕೀಲಿಮಣೆ:
ನೋಡಿದೆ. ಸ್ಕ್ರೀನ್ ನಾಲ್ಕನೇ ಸೆಕೆಂಡಿಗೆ ಕಪ್ಪಾಯಿತು. ಫ್ಯಾನ್ ನಿಂತಿದ್ದು ಹತ್ತೊಂಬತ್ತನೇ ಸೆಕೆಂಡಿಗೆ! ಇಷ್ಟು ವರ್ಷ ಒಂದು ದಿನವೂ ಗಮನಿಸಿರಲಿಲ್ಲ. 41 ಅಂತೂ ಸಾಲಾಗಿ ಕೂತಿವೆ, ಈ ತಿಂಗಳಲ್ಲೇ ಒಂಬತ್ತು.

ಇನ್ನೂ ವಿಚಿತ್ರ ಅಂದರೆ ಬೆಳಿಗ್ಗೆ ಒಂದೇ ಸಲಕ್ಕೆ ಆನ್ ಆಯಿತು. ಗೋಡೆಯ ಸ್ವಿಚ್‌ಗೂ ಇದಕ್ಕೂ ಏನು ಸಂಬಂಧ? ರಾತ್ರಿಯಿಡೀ ಮೌಸ್ ಕೆಳಗೆ ಕೆಂಪು ದೀಪ ಉರಿಯುತ್ತಿತ್ತು, ಅದನ್ನೂ ಕೇಳಬೇಕು.

ತಂತಿಗಂಟು:
ಎರಡಕ್ಕೂ ಉತ್ತರ ಒಂದೇ. ಆ ಡಬ್ಬದಲ್ಲಿ ಇರುವುದು ಒಂದಲ್ಲ, ಎರಡು ಸಪ್ಲೈ ಅಂತ ಇಟ್ಟುಕೊಳ್ಳಿ. ಒಂದು ದೊಡ್ಡದು, 12 ವೋಲ್ಟ್ ಮತ್ತು ಉಳಿದವನ್ನು ಕೊಡುತ್ತದೆ. ಇನ್ನೊಂದು ಚಿಕ್ಕದು, 5 ವೋಲ್ಟ್ ಸ್ಟ್ಯಾಂಡ್‌ಬೈ. ಗೋಡೆಯಿಂದ ಕರೆಂಟ್ ಬರುತ್ತಿರುವಷ್ಟು ಹೊತ್ತೂ ಚಿಕ್ಕದು ಎಚ್ಚರವಾಗಿರುತ್ತದೆ. ಮೌಸ್ ದೀಪ, ಮದರ್‌ಬೋರ್ಡ್ ಮೇಲಿನ ದೀಪ ಎಲ್ಲ ಅದರದ್ದೇ. ನೀವು ಪವರ್ ಬಟನ್ ಒತ್ತಿದ್ದನ್ನು ಕೇಳಿಸಿಕೊಳ್ಳುವುದೂ ಅದರ ಬಲದಿಂದಲೇ. ಬಟನ್ ಒತ್ತಿದಾಗ ಮದರ್‌ಬೋರ್ಡ್ ಒಂದು ಹಸಿರು ತಂತಿಯನ್ನು ಗ್ರೌಂಡ್‌ಗೆ ಎಳೆಯುತ್ತದೆ, ಆಗ ದೊಡ್ಡ ಸಪ್ಲೈ ಏಳುತ್ತದೆ.

1995ರಲ್ಲಿ ಎಟಿಎಕ್ಸ್ (ಮದರ್‌ಬೋರ್ಡ್ ಮತ್ತು ಪವರ್ ಸಪ್ಲೈ ಹೇಗಿರಬೇಕು ಅನ್ನುವ ಮಾನದಂಡ) ಬರುವ ಮುಂಚೆ ಹೀಗಿರಲಿಲ್ಲ. ಮುಂದಿನ ಬಟನ್ ನೇರವಾಗಿ ಕರೆಂಟನ್ನೇ ಕಡಿಯುತ್ತಿತ್ತು. ಅದಕ್ಕೇ ಆಗಿನ ವಿಂಡೋಸ್ "ಈಗ ಆಫ್ ಮಾಡಬಹುದು" ಅಂತ ಕಿತ್ತಳೆ ಬಣ್ಣದ ಅಕ್ಷರದಲ್ಲಿ ಹೇಳಿ ಕಾಯುತ್ತಿತ್ತು. ಆ ಸಾಲು ಈಗಲೂ ಇದ್ದಿದ್ದರೆ ನಿಮಗೆ ಈ ಗೋಳಿರುತ್ತಿರಲಿಲ್ಲ.

ಈಗ ಬೆಳಗಿನ ಮೊಂಡಾಟ. ಸಪ್ಲೈಯೊಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು, ಅಂದರೆ ಒಳಗೆ ದ್ರವವಿರುವಂಥವು, ಬಿಸಿಗೆ ವರ್ಷಗಟ್ಟಲೆ ಒಣಗುತ್ತಾ ಬರುತ್ತವೆ. ಬಿಸಿ 10 ಡಿಗ್ರಿ ಜಾಸ್ತಿಯಾದರೆ ಆಯಸ್ಸು ಸುಮಾರು ಅರ್ಧ ಅನ್ನುವುದು ರೂಢಿಯ ಲೆಕ್ಕ. ಒಣಗಿದ ಕೆಪಾಸಿಟರ್ ತಣ್ಣಗಿದ್ದಾಗ ಸರಿಯಾಗಿ ಕೆಲಸ ಮಾಡುವುದಿಲ್ಲ, ಬೆಚ್ಚಗಾದ ಮೇಲೆ ಹೇಗೋ ತಳ್ಳುತ್ತದೆ. ರಾತ್ರಿಯಿಡೀ ಸ್ವಿಚ್ ಆಫ್ ಇದ್ದರೆ ಎಲ್ಲ ತಣ್ಣಗಾಗಿರುತ್ತದೆ. ಮಧ್ಯಾಹ್ನ ತಕರಾರಿಲ್ಲ ಅಂದಿದ್ದೀರಲ್ಲ, ಅದಕ್ಕೂ ಇದು ಹೊಂದುತ್ತದೆ. ಆದರೆ ಇದು ಬರೀ ಅನುಮಾನ. ಬೇರೆ ಪವರ್ ಸಪ್ಲೈ ಹಾಕಿ ನೋಡುವವರೆಗೂ ಖಾತ್ರಿಯಲ್ಲ. ಸ್ವಿಚ್ ಆನ್ ಬಿಟ್ಟರೆ ಏಳುತ್ತದೆ ಅಂತ ಹಾಗೇ ಬಿಡಬೇಡಿ, ಅದು ನೋವಿನ ಮಾತ್ರೆ ನುಂಗಿದ ಹಾಗೆ.

ತಾರೀಕಿನ ವಿಷಯ ಸುಲಭ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ 3 ವೋಲ್ಟ್ ಬ್ಯಾಟರಿ ಇದೆ, ಸಿಆರ್2032. ಸ್ಟ್ಯಾಂಡ್‌ಬೈ ಇದ್ದಾಗ ಅದಕ್ಕೆ ಹೆಚ್ಚು ಕೆಲಸವಿಲ್ಲ. ನೀವು ದಿನಾ ಗೋಡೆಯಲ್ಲೇ ಆರಿಸುವುದರಿಂದ ಗಡಿಯಾರವನ್ನು ಅದೊಂದೇ ಹೊತ್ತಿದೆ. ಪ್ಲಗ್ ಕಿತ್ತು ಬದಲಿಸಿ. ಅದಕ್ಕೂ ಮುಂಚೆ ಬಯಾಸ್ (ವಿಂಡೋಸ್‌ಗಿಂತ ಮೊದಲು ಏಳುವ ಮದರ್‌ಬೋರ್ಡ್‌ನ ಪ್ರೋಗ್ರಾಂ) ಸೆಟ್ಟಿಂಗ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ, ಅವು ಅಳಿಸಿಹೋಗಬಹುದು.

ರಾತ್ರಿಪಾಳಿ:
ನಾನಂತೂ ಗೋಡೆಯ ಸ್ವಿಚ್ ಮುಟ್ಟುವುದೇ ಇಲ್ಲ. ಪ್ರತಿ ಸಲ ಆನ್ ಮಾಡಿದಾಗ ಸಪ್ಲೈಗೆ ಒಂದು ಏಟು ಬೀಳುತ್ತದೆ, ಸುಮ್ಮನೆ ಯಾಕೆ ಅದು?

ತಂತಿಗಂಟು:
ಅರ್ಧ ಒಪ್ಪುತ್ತೇನೆ. ಖಾಲಿ ಕೆಪಾಸಿಟರ್ ಒಮ್ಮೆಗೇ ತುಂಬುವಾಗ ಕರೆಂಟ್ ನುಗ್ಗುವುದು ನಿಜ. ಪ್ಲಗ್ ಹಾಕುವಾಗ ಕಿಡಿ ಕಾಣುವುದು ಅದಕ್ಕೇ. ಆದರೆ ಅದನ್ನು ತಡೆಯಲು ಒಳಗೆ ಥರ್ಮಿಸ್ಟರ್ ಇರುತ್ತದೆ. ತಣ್ಣಗಿದ್ದಾಗ ಅದು ಕರೆಂಟನ್ನು ತಡೆದು ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಬಿಸಿಯಾದ ಮೇಲೆ ದಾರಿ ಬಿಡುತ್ತದೆ. ಹಾಗಾಗಿ ದಿನಕ್ಕೊಂದು ಸಲ ಆನ್ ಮಾಡುವುದರಿಂದ ಏನೂ ಆಗುವುದಿಲ್ಲ. ಆಫ್ ಮಾಡಿ ಎರಡೇ ಸೆಕೆಂಡಿಗೆ ಮತ್ತೆ ಆನ್ ಮಾಡುತ್ತಾರಲ್ಲ, ಕೆಟ್ಟದ್ದು ಅದು. ಥರ್ಮಿಸ್ಟರ್ ಇನ್ನೂ ಬಿಸಿ, ತಡೆಯುವವರಿಲ್ಲ. ಒಂದು ನಿಮಿಷ ಬಿಡಿ.

ಗುಡುಗು ಸಿಡಿಲಿನ ದಿನ ಸ್ವಿಚ್ ನಂಬಬೇಡಿ. ಮುಂಚೆಯೇ ಪ್ಲಗ್ ಕಿತ್ತಿಡಿ. ನೆಟ್‌ವರ್ಕ್ ಕೇಬಲ್ ಕೂಡ ಕೀಳಿ, ಜನ ಇದನ್ನೇ ಮರೆಯುತ್ತಾರೆ. ಕ್ಯಾಬಿನೆಟ್ ಮುಟ್ಟಿದಾಗ ಸಣ್ಣಗೆ ಜುಮ್ ಅಂದರೆ ಅರ್ಥಿಂಗ್ ತೋರಿಸಿ. ಸಪ್ಲೈನ ಫಿಲ್ಟರ್‌ನಿಂದ ಸೋರುವ ಕರೆಂಟ್‌ಗೆ ಹೋಗಲು ದಾರಿ ಇಲ್ಲ ಅಂತ ಅದರರ್ಥ.

ಕೀಲಿಮಣೆ:
ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಏನು ಮಾಡಬೇಕು ಅನ್ನುವ ಪುಟದಲ್ಲಿ ಸಿಕ್ಕಿತು. ಈಗ ಎಂಟೇ ಸೆಕೆಂಡಿಗೆ ಫ್ಯಾನ್ ನಿಲ್ಲುತ್ತದೆ. ಬ್ಯಾಟರಿಯೂ ಬದಲಾಯಿತು. ಇನ್ನು, ಕೆಲಸದ ನಡುವೆ ಕರೆಂಟ್ ಹೋದರೆ? ಯುಪಿಎಸ್ ಬೇಕೇ ಬೇಕಾ?

ರಾತ್ರಿಪಾಳಿ:
ಕರೆಂಟ್ ಹೋದ ಮೇಲೆ ಸಪ್ಲೈ ತನ್ನ ಕೆಪಾಸಿಟರ್ ಬಲದಲ್ಲಿ ತಳ್ಳುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಫೈಲ್ ಉಳಿಸಲು ಅದು ಸಾಲದು, ಯುಪಿಎಸ್ ಬ್ಯಾಟರಿಗೆ ಬದಲಾಗಲು ಸಾಕು. ಬೇಕು ಅಂತಲೇ ಹೇಳುತ್ತೇನೆ. ಕೊಳ್ಳುವಾಗ ವಿಎ (ವೋಲ್ಟ್-ಆಂಪಿಯರ್) ಸಂಖ್ಯೆ ನೋಡಿ ಮೋಸ ಹೋಗಬೇಡಿ, ವ್ಯಾಟ್ ಎಷ್ಟು ಅಂತ ಕೇಳಿ. ವ್ಯಾಟ್ ಕಡಿಮೆ ಇರುತ್ತದೆ. ಆ ಐದು ಹತ್ತು ನಿಮಿಷದಲ್ಲಿ ಶಟ್‌ಡೌನ್ ಕೊಡಿ, ಕೆಲಸ ಮುಂದುವರಿಸಬೇಡಿ.

ಕೀಲಿಮಣೆ:
ಗೆಳೆಯನ ಪವರ್ ಸಪ್ಲೈ ಎರಡು ದಿನ ಎರವಲು ತಂದು ಹಾಕಿದೆ. ರಾತ್ರಿ ಸ್ವಿಚ್ ಆಫ್ ಮಾಡಿದ್ದರೂ ಎರಡು ಬೆಳಿಗ್ಗೆಯೂ ಒಂದೇ ಸಲಕ್ಕೆ ಆನ್ ಆಯಿತು. ಹೊಸದು ತರಿಸಿದ್ದೇನೆ, ಕೇಬಲ್ ಬೇರೆ ಮಾಡಬಹುದಾದ ಮಾಡೆಲ್. ಹಳೆಯದೂ ಅಂಥದ್ದೇ. ಕೇಬಲ್‌ಗಳು ಒಳಗೆ ಚೆನ್ನಾಗಿ ಕಟ್ಟಿವೆ, ಡಬ್ಬ ಮಾತ್ರ ಬದಲಿಸಿದರೆ ಆಗುತ್ತದಲ್ವಾ?

ತಂತಿಗಂಟು:
ಬೇಡ! ಹಳೆಯ ಕೇಬಲ್ ಹೊಸ ಡಬ್ಬಕ್ಕೆ ಸಲೀಸಾಗಿ ಕೂರಬಹುದು, ಆದರೆ ಡಬ್ಬದ ಕಡೆಯ ಪಿನ್ ಜೋಡಣೆಗೆ ಒಂದೇ ನಿಯಮ ಅಂತಿಲ್ಲ. 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋದರೆ ಹಾರ್ಡ್‌ಡಿಸ್ಕ್ ಅಲ್ಲೇ ಸುಟ್ಟುಹೋಗುತ್ತದೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಎಲ್ಲ ಬಿಚ್ಚಿ, ಹೊಸದರ ಜೊತೆ ಬಂದ ಕೇಬಲ್‌ಗಳನ್ನೇ ಹಾಕಿ.

ಕೀಲಿಮಣೆ:
ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು, ಬೆರಳು ತರಚಿತು. ಎಲ್ಲ ಹೊಸ ಕೇಬಲ್. ಹಳೆಯವನ್ನು ಹಳೆಯ ಡಬ್ಬಕ್ಕೇ ಕಟ್ಟಿ ಪಕ್ಕಕ್ಕಿಟ್ಟಿದ್ದೇನೆ. ಎರಡು ವಾರವಾಯಿತು, ಲಾಗ್‌ನಲ್ಲಿ ಹೊಸ 41 ಒಂದೂ ಇಲ್ಲ. ರಾತ್ರಿ ಫ್ಯಾನ್ ನಿಲ್ಲುವವರೆಗೂ ಕಾದು ಆಮೇಲೆ ಸ್ವಿಚ್ ಆಫ್ ಮಾಡುತ್ತಿದ್ದೇನೆ. ಮೌಸ್ ದೀಪ ಮಾತ್ರ ಅದಾದ ಮೇಲೂ ಒಂದೆರಡು ಸೆಕೆಂಡ್ ಉರಿದು ಆರುತ್ತದೆ. ಯಾಕೆ ಅಂತ ಈ ಸಲ ಕೇಳುವುದಿಲ್ಲ, ಕೆಪಾಸಿಟರ್ ಅಲ್ವಾ?